ಕಿಲ್ಪೆಕ್ ಗ್ರಾಮವೂ ಅದರ ಇಗರ್ಜಿಯೂ

ಇಂಗ್ಲೆಂಡಿನ ಹೆರೆಫರ್ಡ್ ನಗರಕ್ಕೆ ನೈಋತ್ಯದಲ್ಲಿ, ವೇಲ್ಸಿನ ಗಡಿಗೆ ಕೆಲವೇ ಮೈಲಿಗಳಷ್ಟು ಈಚೆಗಿರುವ ಈ ಸಣ್ಣ ಗ್ರಾಮವು, ಪೂರ್ವದಲ್ಲಿ ವೆಲ್ಷ್ ಜನರ ಎರ್ಗಿಂಗ್ ಸೀಮೆಗೆ ಸೇರಿದ್ದು, ನಾರ್ಮನ್ನರ ವಿಜಯದ ತರುವಾಯ ವಿಲಿಯಂ ಫಿಟ್ಸ್ ನಾರ್ಮನ್ ಎಂಬ ಸಾಮಂತನ ವಶವಾಯಿತೆಂಬುದು 1086ರ ಡೂಮ್ಸ್‌ಡೇ ದಾಖಲೆಯಿಂದ ವಿದಿತವಾಗುತ್ತದೆ. ಪಶ್ಚಿಮದ ಮಣ್ಣಿನ ದಿಬ್ಬವೂ ಅದರ ಮೇಲುಳಿದ ಗೋಡೆಯ ತುಂಡುಗಳೂ ಅಂದಿನ ಗಡಿಕೋಟೆಯ ಅವಶೇಷಗಳು; ಈಶಾನ್ಯದ ಹುಲ್ಲುಗಾವಲಿನ ಏರಿಳಿತಗಳು ಜನರು ತೊರೆದುಹೋದ ಮಧ್ಯಯುಗದ ಊರಿನ ನೆಲಗುರುತುಗಳು.

ವಿಲಿಯಮನ ಮಗನಾದ ಹ್ಯೂ 1134ರಲ್ಲಿ ಇಲ್ಲಿಯ ಇಗರ್ಜಿಯನ್ನು ಗ್ಲಾಸ್ಟರಿನ ಮಠಕ್ಕೆ ದತ್ತಿ ಬಿಟ್ಟನು. ಸಂತ ಮೇರಿ ಹಾಗೂ ಸಂತ ಡೇವಿಡರ ಹೆಸರಿನ ಈಗಿನ ಕಟ್ಟಡವು ಸುಮಾರು 1140ರದು. ಕೋಟೆ ಅಳಿದು ಇದು ಉಳಿಯಿತು.

ದಕ್ಷಿಣದ್ವಾರದ ಎದುರು ತುಸು ಹೊತ್ತು ನಿಲ್ಲಬೇಕು. ಬಾಗಿಲ ಮೇಲಣ ಅರ್ಧವೃತ್ತದಲ್ಲಿ ಕವಲೊಡೆದ ವೃಕ್ಷ, ಎಡಗಂಬದ ಬಳ್ಳಿಗಳ ನಡುವೆ ಸಿಲುಕಿದಂತಿರುವ ಇಬ್ಬರು ಯೋಧರು, ಇಕ್ಕೆಲಗಳಲ್ಲಿ ಹೆಣೆದುಕೊಂಡ ಸರ್ಪಗಳು, ಇವೆಲ್ಲವೂ ಹೆರೆಫರ್ಡ್‌ಷೈರ್ ಶೈಲಿಯ ಶಿಲ್ಪಿಗಳ ಕೈಚಳಕವನ್ನು ಸಾರುತ್ತವೆ. ಸೂರಿನಡಿಯ 85 ಚಾಚುಗಲ್ಲುಗಳಲ್ಲಿ ಭಕ್ತಿಗಿಂತ ವಿನೋದವೇ ಮಿಗಿಲೆಂದು ತೋರುತ್ತದೆ: ಒಂದರಲ್ಲಿ ನಾಯಿಯೂ ಮೊಲವೂ ಹಗೆತನವನ್ನು ಮರೆತು ಒತ್ತಾಗಿ ಕುಳಿತಿವೆ. ತನ್ನ ಗುಹ್ಯಾಂಗವನ್ನು ತೆರೆದು ತೋರುವ ಸ್ತ್ರೀವಿಗ್ರಹವಾದ 'ಷೀಲಾ ನ ಗಿಗ್' ಸಹ ಇಲ್ಲುಂಟು. ಅದರ ತಾತ್ಪರ್ಯದ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ.

ಇಗರ್ಜಿಯಲ್ಲಿ ಇಂದಿಗೂ ಆರಾಧನೆ ನಡೆಯುತ್ತಿದೆ. ಕೆಂಪು ಮರಳುಗಲ್ಲಿನ ಕೆತ್ತನೆಗಳನ್ನು ದಯವಿಟ್ಟು ಮುಟ್ಟದೆ ನೋಡಿರಿ.