ಸೀಸೆಯ ಮೇಲಿನ ಇಸವಿ

'ವಿಂಟೇಜ್' ಎಂದೊಡನೆ ನಮ್ಮ ಮನಸ್ಸಿನಲ್ಲಿ ಹಳತೆಂಬ ಭಾವ ಮೂಡುತ್ತದೆ. ಆದರೆ ಅದರ ಮೂಲವಾದ ಲ್ಯಾಟಿನ್ ಪದಕ್ಕೆ ದ್ರಾಕ್ಷಿಯ ಕೊಯ್ಲು ಎಂದಷ್ಟೇ ಅರ್ಥ. ವೈನ್ ಸೀಸೆಯ ಮೇಲಿನ ಇಸವಿ ಹಣ್ಣು ಕೊಯ್ದ ವರ್ಷವನ್ನು ಸೂಚಿಸುತ್ತದೆ. ಆ ವರ್ಷದ ಮಳೆ ಬಿಸಿಲುಗಳ ದಾಖಲೆ ಅದು.

ಈ ದಾಖಲೆಗೆ ಘನತೆ ತಂದ ಪ್ರಾಂತ ಫ್ರಾನ್ಸಿನ ಬೋರ್ಡೋ. 1855ರ ಪ್ಯಾರಿಸ್ ಪ್ರದರ್ಶನದ ಸಂದರ್ಭದಲ್ಲಿ, ಮೂರನೆಯ ನೆಪೋಲಿಯನ್‌ನ ಇಚ್ಛೆಯಂತೆ, ಅಲ್ಲಿಯ ಕೆಂಪು ವೈನುಗಳನ್ನು ದಲ್ಲಾಳಿಗಳು ಮಾರುಕಟ್ಟೆಯ ಬೆಲೆ ನೋಡಿ ಐದು ದರ್ಜೆಗಳಾಗಿ ವಿಂಗಡಿಸಿದರು. ಮೊದಲ ದರ್ಜೆ ಪಡೆದವು ನಾಲ್ಕೇ: ಲಾಫೀಟ್, ಲಾತೂರ್, ಮಾರ್ಗೋ, ಓ-ಬ್ರಿಯೋಂ. ಮೂತೋಂ ರಾತ್‌ಶೀಲ್ಡ್ ಆ ಸಾಲಿಗೇರಿದ್ದು 1973ರಲ್ಲಿ. ಇಂದಿಗೂ ಅಲ್ಲಿಯ ಹೆಸರಾಂತ ವೈನುಗಳಲ್ಲಿ ಹಲವು, ಕೊಯ್ಲಿನ ಮರುವಸಂತದಲ್ಲೇ, ಪೀಪಾಯಿಯಲ್ಲಿರುವಾಗಲೇ ಮಾರಾಟಕ್ಕೆ ಬರುತ್ತವೆ.

ಪುಣೆಯ ನಮಗೂ ಈ ಚರಿತ್ರೆ ದೂರದ್ದಲ್ಲ. ನಾಸಿಕದ ಹಾದಿಯ ನಾರಾಯಣಗಾಂವದಲ್ಲಿ 1980ರ ದಶಕದಲ್ಲಿ ಶಾಮರಾವ್ ಚೌಗುಲೆಯವರು ಫ್ರೆಂಚ್ ನೆರವಿನಿಂದ ವೈನ್ ತಯಾರಿಕೆಗೆ ತೊಡಗಿದರು. ಅವರ ಇಂಡೇಜ್ ಸಂಸ್ಥೆಯ ನೊರೆವೈನ್ 'ಒಮರ್ ಖಯ್ಯಾಮ್' ಎಂಬ ಹೆಸರಿನಲ್ಲಿ ಯುರೋಪಿಗೂ ಹೋಯಿತು. ಮುಂದೆ ಸಾಲದ ಹೊರೆಯಲ್ಲಿ ಸಂಸ್ಥೆ ಕುಸಿಯಿತು.

ದ್ರಾಕ್ಷಿತೋಟಗಳು ಮಾತ್ರ ಉಳಿದಿವೆ. ಬೋರ್ಡೋದ ಬಳ್ಳಿ ಚಳಿಗಾಲವಿಡೀ ನಿದ್ರಿಸುತ್ತದೆ. ಇಲ್ಲಿಯ ಬಳ್ಳಿಗೆ ಆ ವಿಶ್ರಾಂತಿಯಿಲ್ಲ. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಸವರಿದರೆ ಫೆಬ್ರವರಿ-ಮಾರ್ಚ್ ಹೊತ್ತಿಗೆ ಕೊಯ್ಲು. ನಡುವೆ ಅಕಾಲ ಮಳೆ ಸುರಿದರೆ ರೈತನ ವರ್ಷವೇ ಹೋದಂತೆ. ಅಂಥ ವರ್ಷವನ್ನು ಯಾವ ಸೀಸೆಯೂ ಹೊತ್ತು ತಿರುಗುವುದಿಲ್ಲ. ನಮ್ಮ ದ್ರಾಕ್ಷಿಯ ಚರಿತ್ರೆಯನ್ನು ಬರೆಯುವವರು ಆ ಇಸವಿಗಳನ್ನೂ ಎಣಿಸಬೇಕು.