ಆರೈಕೆ ಯಾರ ಮಾತಿನಂತೆ ನಡೆಯಬೇಕು?

ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಇನ್ನೊಬ್ಬರ ಮಗ್ಗ ನಿಲ್ಲುತ್ತದೆ. ಎತ್ತಿ ಕೂರಿಸಲು, ಸ್ನಾನ ಮಾಡಿಸಲು ಜನ ಬೇಕು. ಯಾರು, ಎಷ್ಟು ಹೊತ್ತಿಗೆ ಎಂಬುದನ್ನು ಮನೆಯವರೇ ತೀರ್ಮಾನಿಸುತ್ತಾರೆ. ಮಲಗಿದವರನ್ನು ಕೇಳುವುದು ಕಡಿಮೆ.

ಅವರನ್ನೇ ಕೇಳಬೇಕು ಎಂಬ ಹೋರಾಟಕ್ಕೆ ಅರವತ್ತು ವರ್ಷದ ಇತಿಹಾಸವಿದೆ. ಪೋಲಿಯೊದಿಂದ ಕೈಕಾಲು ಸ್ವಾಧೀನ ತಪ್ಪಿದ್ದ ಎಡ್ ರಾಬರ್ಟ್ಸ್ 1962ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಓದಲು ಸೇರಿದರು. ಸಹಾಯಕರನ್ನು ತಾವೇ ಆರಿಸಿಕೊಂಡು, ಕೆಲಸ ಹೇಳಿಕೊಟ್ಟು, ಸರಿಬಾರದಿದ್ದರೆ ಬಿಡಿಸುವ ರೂಢಿಯನ್ನು ಅವರೂ ಅವರ ಗೆಳೆಯರೂ ಬೆಳೆಸಿದರು. 1972ರಲ್ಲಿ ಅಲ್ಲಿಯೇ ಸ್ವತಂತ್ರ ಬದುಕಿನ ಕೇಂದ್ರ ಶುರುವಾಯಿತು.

ಈ ವಿಚಾರ 2006ರಲ್ಲಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಸೇರಿತು. ಮರುವರ್ಷ ಭಾರತ ಅದನ್ನು ಒಪ್ಪಿತು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಕಲಂ, ಮನೆಯಲ್ಲೇ ಸಿಗುವ ವೈಯಕ್ತಿಕ ಸಹಾಯದ ಮಾತನ್ನೂ ಆಡುತ್ತದೆ. 2024-25ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಮಿದುಳಿನ ಪಾರ್ಶ್ವವಾಯು, ಸ್ನಾಯುಕ್ಷಯದಂಥ ಸ್ಥಿತಿ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು.

ಮಗ್ಗ ಬಿಟ್ಟು ಕೂತವರ ಕೂಲಿಯ ಮುಂದೆ ಈ ಹಣ ಸಣ್ಣದು. ಆದರೂ ಆರೈಕೆ ಮಾಡುವುದೂ ಕೆಲಸವೇ ಎಂದು ಸರ್ಕಾರ ಒಪ್ಪಿದಂತಾಯಿತು. ಆರಿಸುವ ಅಧಿಕಾರ ಮಾತ್ರ ಇನ್ನೂ ಮಲಗಿದವರ ಕೈಗೆ ಬಂದಿಲ್ಲ.

ಅದಕ್ಕೆ ಬೇಕಾದ ಜನ ನಮ್ಮಲ್ಲೇ ಇದ್ದಾರೆ. ಗ್ರಾಮ ಪಂಚಾಯಿತಿಗಳ ಪುನರ್ವಸತಿ ಕಾರ್ಯಕರ್ತರು ಸ್ವತಃ ಅಂಗವಿಕಲರು. ಪಿಂಚಣಿ ಅರ್ಜಿ ಹಿಡಿದು ಮನೆಗೆ ಹೋದಾಗ ಅವರು ಇನ್ನೊಂದು ಪ್ರಶ್ನೆ ಕೇಳಬಹುದು: "ನಿಮ್ಮನ್ನು ಯಾರು ನೋಡಿಕೊಂಡರೆ ನಿಮಗೆ ಸರಿ?"