ಗುಜರಿ ಅಂಗಡಿಯ ನಿಧಿ

ನಮ್ಮ ಸೀಮೆಯಲ್ಲಿ ನಿಧಿ ಎಂದರೆ ಸಾಕು, ಜನರ ಕಣ್ಣು ಬೆಟ್ಟದ ಕಡೆ ಹೋಗುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟ, ಪಾವಗಡದ ಕೋಟೆ, ಅದರಾಚೆಯ ನಿಡಗಲ್ಲು, ಕೊರಟಗೆರೆಯ ಸಿದ್ಧರ ಬೆಟ್ಟ, ಒಂದೊಂದರ ಹೊಟ್ಟೆಯಲ್ಲೂ ಏಳು ಕೊಪ್ಪರಿಗೆ ಹೊನ್ನಿದೆಯೆಂದು ಹೇಳದ ಅಜ್ಜಿಯೇ ನಮ್ಮಲ್ಲಿಲ್ಲ. ಇದನ್ನು ನಂಬಿ ಅಮಾವಾಸ್ಯೆಯ ರಾತ್ರಿ ಹಾರೆ ಗುದ್ದಲಿ ಹಿಡಿದು ಹೋದವರು ಹೊನ್ನು ತಂದದ್ದನ್ನು ನಾನು ಕಂಡಿಲ್ಲ. ಬಸವಣ್ಣನ ವಿಗ್ರಹವನ್ನು ಪಕ್ಕಕ್ಕೆ ಉರುಳಿಸಿ, ಪೀಠದಡಿ ಆಳುದ್ದ ಗುಂಡಿ ತೋಡಿಟ್ಟು ಹೋದದ್ದನ್ನು ಮಾತ್ರ ಕಂಡಿದ್ದೇನೆ. ಬ್ರಿಟಿಷರು 1878ರಷ್ಟು ಹಿಂದೆಯೇ ನಿಧಿಗೊಂದು ಕಾಯಿದೆ ಮಾಡಿ, ನೆಲದಲ್ಲಿ ಸಿಕ್ಕ ಮಾಲು ಹತ್ತು ರೂಪಾಯಿಗೆ ಮೀರಿದ್ದಾದರೆ ಕಲೆಕ್ಟರರಿಗೆ ತಿಳಿಸಬೇಕೆಂದು ವಿಧಿಸಿದ್ದರು. ಬಸವಣ್ಣನನ್ನು ಉರುಳಿಸುವವರು ಕಾಯಿದೆ ಓದಿದವರಲ್ಲ ಬಿಡಿ.

ನಿಧಿಯ ಹುಚ್ಚು ನನಗೂ ಉಂಟು. ಅದಕ್ಕೆ ಹಾರೆ ಬೇಡ, ಅಂಜನ ಹಾಕುವವನೂ ಬೇಡ. ಶನಿವಾರ ಬೆಳಗಿನ ಶಾಲೆ ಮುಗಿಸಿ, ಹೆಗಲಿಗೊಂದು ಬಟ್ಟೆಯ ಚೀಲ ಹಾಕಿಕೊಂಡು ಗುಜರಿ ಅಂಗಡಿಗೆ ಹೋದರೆ ಆಯಿತು.

ಕಂದಾಯ ಇಲಾಖೆಗೆ ತುಮಕೂರು ಒಂದೇ ಜಿಲ್ಲೆ. ನಮ್ಮ ಶಿಕ್ಷಣ ಇಲಾಖೆ ಮಾತ್ರ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಬೇರೆ ತೆಗೆದು ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಮಾಡಿಟ್ಟಿದೆ. ನನ್ನಂಥ ಮೇಷ್ಟರಮ್ಮಂದಿರಿಗೆ ಪ್ರಪಂಚವೆಂದರೆ ಈ ನಾಲ್ಕೇ ಊರು. ವರ್ಗವಾದಾಗಲೆಲ್ಲ ಹಾಲಿನವರು, ಬಾಡಿಗೆ ಮನೆ, ನೀರಿನ ಸಮಯ ಇವನ್ನು ವಿಚಾರಿಸಿಕೊಂಡ ಮೇಲೆ ನಾನು ಕೇಳುತ್ತಿದ್ದ ನಾಲ್ಕನೆಯ ಪ್ರಶ್ನೆ, ‘ಇಲ್ಲಿ ಹಳೇ ಸಾಮಾನಿನ ಅಂಗಡಿ ಎಲ್ಲಿದೆ?’ ಎಂಬುದು. ನಾಲ್ಕು ಊರಿನ ಗುಜರಿಗೂ ನಾಲ್ಕು ಬಗೆಯ ರುಚಿ. ಪಾವಗಡ ಮೂರು ಕಡೆ ಆಂಧ್ರದಿಂದ ಸುತ್ತುವರಿದ ತಾಲ್ಲೂಕು, ಅಲ್ಲಿ ತೆಲುಗು ಪುಸ್ತಕ, ತೆಲುಗಿನಲ್ಲಿ ಹೆಸರು ಹೊಡೆಸಿದ ಚೆಂಬು. ಶಿರಾ 1687ರಿಂದ ಮೊಗಲರ ಸುಬಾದ ಕೇಂದ್ರವಾಗಿದ್ದ ಊರು. 1651ರ ಮಲಿಕ್ ರಿಹಾನನ ಗೋರಿ, 1696ರ ಜುಮ್ಮಾ ಮಸೀದಿ ಈಗಲೂ ನಿಂತಿವೆ. ಅಲ್ಲಿನ ಗುಜರಿಯಲ್ಲಿ ಉರ್ದು ಅಕ್ಷರದ ಕಾಗದ, ಉದ್ದ ಮೂತಿಯ ತಾಮ್ರದ ಹೂಜಿ. ಮಧುಗಿರಿಯಲ್ಲಿ ಕಚೇರಿ ಕಾಗದ ಹೆಚ್ಚು. ‘ಮದ್ದಗಿರಿ’ ಎಂಬ ಹಳೆಯ ಹೆಸರಿನ ಮೊಹರು ಕಂಡರೆ ಅದು ನಮ್ಮ ಅಜ್ಜನ ಕಾಲದ್ದೆಂದು ಕಣ್ಣು ಮುಚ್ಚಿಕೊಂಡು ಹೇಳಬಹುದು. ಕೊರಟಗೆರೆಯಲ್ಲಿ ನನಗೆ ಹೆಚ್ಚೇನೂ ಸಿಕ್ಕಲಿಲ್ಲ. ಬೆಂಗಳೂರು ಹತ್ತಿರವಾದ್ದರಿಂದ ಒಳ್ಳೆಯದೆಲ್ಲ ಲಾರಿ ಹತ್ತಿ ಹೋಗುತ್ತಿತ್ತು.

ಗುಜರಿಯವನಿಗೆ ವಸ್ತು ಎಂಬುದಿಲ್ಲ, ತೂಕವಿದೆ. ಹಿತ್ತಾಳೆ ಇಷ್ಟು, ತಾಮ್ರ ಇಷ್ಟು, ರದ್ದಿ ಇಷ್ಟು. ಪಾವು, ಅರೆಸೇರು, ಸೇರು ಎಂಬ ಅಳತೆಯ ಪಾತ್ರೆಗಳ ಸಾಲನ್ನು ನಾನು ಮಕ್ಕಳಿಗೆ ತೋರಿಸಲೆಂದು ಹೀಗೆ ತೂಕದ ಲೆಕ್ಕದಲ್ಲೇ ಕೊಂಡೆ. 1957ರ ಏಪ್ರಿಲ್ ಒಂದರಂದು ನಯಾಪೈಸೆ ಬಂದು ಆಣೆ ಹೋಯಿತು. ಅದರ ಹಿಂದೆಯೇ ಕಿಲೋ, ಲೀಟರು ಬಂದವು. ಒಂದೇ ಒಂದು ದಶಕದಲ್ಲಿ ನಮ್ಮ ಹೆಂಗಸರ ಕೈಯ ಲೆಕ್ಕವೆಲ್ಲ ಬದಲಾಯಿತು. ಪಠ್ಯಪುಸ್ತಕದಲ್ಲಿ ಇದು ಒಂದು ಸಾಲು. ಪಾವಿನಲ್ಲಿ ಅಕ್ಕಿ ಅಳೆದು ಮಗುವಿನ ಕೈಗೆ ಕೊಟ್ಟರೆ ಅದು ಒಂದು ಪಾಠ.

ಪಾತ್ರೆಯ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೊಡೆಸಿದ ಹೆಸರುಗಳನ್ನು ಓದುವುದು ನನ್ನ ದೊಡ್ಡ ಸುಖ. ಬಿ. ಎಲ್. ರೈಸ್ ಸಾಹೇಬರು ತುಮಕೂರು ಜಿಲ್ಲೆಯ ಶಾಸನಗಳನ್ನೆಲ್ಲ ಕೂಡಿಸಿ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರು. ಅದು ದೊಡ್ಡ ಕೆಲಸ. ಆದರೆ ಕಲ್ಲಿನ ಮೇಲೆ ಬರುವವರು ಅರಸರು, ಗೌಡರು, ದತ್ತಿ ಬಿಟ್ಟವರು, ತುರು ಕಾಯುತ್ತ ಸತ್ತ ವೀರರು. ರಂಗಮ್ಮ, ಸಣ್ಣತಿಮ್ಮಕ್ಕ, ಫಾತಿಮಾ ಇವರೆಲ್ಲ ಬರುವುದು ಹಿತ್ತಾಳೆಯ ಮೇಲೆ, ತವರಿನವರು ಕೊಟ್ಟ ಕೊಡದ ಮೇಲೆ. ಈ ಶಾಸನಗಳು ಕರಗುವ ಕುಲುಮೆಗೆ ಹೋಗುತ್ತಿವೆ. ಓದಿ ಬರೆದಿಟ್ಟುಕೊಳ್ಳಲು ರೈಸ್ ಸಾಹೇಬರೇ ಬರಬೇಕಿಲ್ಲ.

ಫೋಟೋಗಳ ಪಾಡು ಇನ್ನೂ ಕಷ್ಟ. ಹಳೆ ಮನೆ ಕೆಡವಿದಾಗ ಗೋಡೆಯ ಮೇಲಿದ್ದ ಹಿರಿಯರೆಲ್ಲ ಒಟ್ಟಿಗೆ ಗುಜರಿಗೆ ಬರುತ್ತಾರೆ. ಅಂಗಡಿಯವನಿಗೆ ಬೇಕಾದ್ದು ಗಾಜು, ತೇಗದ ಕಟ್ಟು. ಒಳಗಿನ ಅಜ್ಜಿಯನ್ನು ಎಳೆದು ರದ್ದಿಗೆ ಹಾಕುತ್ತಾನೆ. ಗಾಜಿನ ನೆಗೆಟಿವುಗಳ ಮೇಲಿನ ಚಿತ್ರವನ್ನು ಬಿಸಿನೀರಿನಲ್ಲಿ ತೊಳೆದು, ಆ ಗಾಜನ್ನೇ ದೇವರ ಪಟಕ್ಕೆ ಕಟ್ಟು ಹಾಕಲು ಬಳಸುತ್ತಿದ್ದರು. ಹೀಗೆ ಎಷ್ಟು ಮದುವೆಗಳು ಚರಂಡಿಗೆ ಹರಿದುಹೋದವೋ! ಒಂದು ಶಾಲೆಯಲ್ಲಿ, ಯಾವುದೆಂದು ಹೇಳುವುದು ಬೇಡ, ಹಳೆಯ ಉತ್ತರ ಪತ್ರಿಕೆಗಳ ಜೊತೆಗೆ ನಲವತ್ತು ವರ್ಷಗಳ ಗ್ರೂಪ್ ಫೋಟೋಗಳನ್ನೂ ತೂಕಕ್ಕೆ ಹಾಕಿದ್ದರು. ನನ್ನ ಕೈಗೆ ಸಿಕ್ಕಿದ್ದು ಆರು.

ಫೋಟೋ ಎಂಬ ವಿದ್ಯೆ 1839ರಲ್ಲಿ ಪ್ಯಾರಿಸ್ಸಿನಲ್ಲಿ ಲೋಕಕ್ಕೆ ತಿಳಿಯಿತು. ನಮ್ಮ ನಾಡಿಗೆ ಬರಲು ಅದು ಬಹಳ ಕಾಲ ತೆಗೆದುಕೊಳ್ಳಲಿಲ್ಲ. ಓಕ್ಲಿ ಎಂಬ ಸೇನೆಯ ಕ್ಯಾಪ್ಟನ್ 1856ರಲ್ಲೇ ಹಳೇಬೀಡಿನ ದೇಗುಲದ ಚಿತ್ರ ತೆಗೆದ. ಮುಂದೆ ಆರ್. ನರಸಿಂಹಾಚಾರ್ಯರ ಕಾಲದಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳು ಫೋಟೋ ಸಮೇತ ಬರತೊಡಗಿದವು. ಆದರೆ ಅವರೂ ಕ್ಯಾಮರಾ ತಿರುಗಿಸಿದ್ದು ಕಲ್ಲಿನ ಕಡೆಗೇ. ಮನುಷ್ಯರ ಚಿತ್ರ ತೆಗೆದವರು ಪೇಟೆಯ ಸ್ಟುಡಿಯೋದವರು. ಕಲಾಶಾಲೆಯ ಮೆಟ್ಟಿಲು ಹತ್ತದ ಅವರೇ ನಮ್ಮ ತಾಲ್ಲೂಕುಗಳ ಚರಿತ್ರಕಾರರು ಎಂದು ನಾನು ವಾದಿಸುತ್ತೇನೆ.

ಆ ಫೋಟೋಗಳನ್ನು ಓದಲು ಕಲಿಯಬೇಕು. ಯಾರೂ ನಗುವುದಿಲ್ಲ, ಏಕೆಂದರೆ ಅಲುಗಾಡಿದರೆ ಮುಖ ಮಸುಕಾಗುತ್ತಿತ್ತು. ಆಮೇಲೆ ಅದೇ ರೂಢಿಯಾಯಿತು. ಮೊಗ್ಗಿನ ಜಡೆ ಹಾಕಿದ ಹುಡುಗಿಯನ್ನು ಕನ್ನಡಿಯ ಮುಂದೆ ಬೆನ್ನು ಮಾಡಿ ನಿಲ್ಲಿಸುತ್ತಿದ್ದರು. ಇಲ್ಲದಿದ್ದರೆ ಎರಡು ಗಂಟೆ ಕೂತು ಹೆಣೆದ ಜಡೆ ಕಾಣುವುದು ಹೇಗೆ? ಕೈಗಡಿಯಾರ ಕಟ್ಟಿದ ಗಂಡಸು ತೋಳನ್ನು ಮುಂದೆ ಚಾಚಿಕೊಂಡೇ ಕೂರುತ್ತಾನೆ. ಗಡಿಯಾರ ಅವನದೋ, ಸ್ಟುಡಿಯೋದ್ದೋ ದೇವರೇ ಬಲ್ಲ. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆ ಎಂಬ ಹೆದರಿಕೆಯಿಂದ ಬದುಕಿದ್ದಾಗ ಒಪ್ಪದ ಯಜಮಾನನನ್ನು ಸತ್ತ ಮೇಲೆ ಕುರ್ಚಿಗೆ ಒರಗಿಸಿ, ರುಮಾಲು ಸುತ್ತಿ ತೆಗೆಸಿದ ಫೋಟೋಗಳೂ ಸಿಗುತ್ತವೆ. ಮೊದಮೊದಲು ಅವನ್ನು ನೋಡಿದರೆ ಕೈ ನಡುಗುತ್ತಿತ್ತು. ಈಗ ಸುತ್ತ ನಿಂತ ಮಕ್ಕಳ ಮುಖಗಳನ್ನು ನೋಡುತ್ತೇನೆ.

ನೋಡುವ ಹುಚ್ಚು ತೆಗೆಯುವ ಹುಚ್ಚಾಗಿದ್ದು ಶಿರಾದಲ್ಲಿ. ಸ್ಟವ್ ಬರ್ನರುಗಳ ರಾಶಿಯೊಳಗೆ ಒಂದು ಕಪ್ಪು ಡಬ್ಬಿ ಕಂಡಿತು. ಅದು ಅಗ್ಫಾ ಕ್ಲಿಕ್ ಥ್ರೀ, ಬರೋಡದಲ್ಲಿ ತಯಾರಾಗುತ್ತಿದ್ದ ಕ್ಯಾಮರಾ.

‘ಸಾಬ್ರೇ, ಇದಕ್ಕೆಷ್ಟು?’

‘ಅದು ಪ್ಲಾಸ್ಟಿಕ್ಕು ಟೀಚರಮ್ಮ, ತೂಕಕ್ಕೆ ಬರಲ್ಲ. ನಲವತ್ತು ಕೊಟ್ಟು ತಗಂಡೋಗಿ.’

ಬಿಸಿಲಿಗೊಂದು, ಮೋಡಕ್ಕೊಂದು ಗುರುತು. ಅದಕ್ಕಿಂತ ಹೆಚ್ಚಿನ ಶಾಸ್ತ್ರ ಅದರಲ್ಲಿಲ್ಲ. ಒಂದು ರೋಲಿಗೆ ಹನ್ನೆರಡೇ ಚಿತ್ರ. ಆಗ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ ‘ಇಂದು’ ಫಿಲ್ಮು ಸಿಗುತ್ತಿತ್ತು. ಅದು 1967ರಲ್ಲಿ ಉತ್ಪಾದನೆ ಶುರು ಮಾಡಿದ ಸರ್ಕಾರಿ ಕಾರ್ಖಾನೆ, ಈಗ ಮುಚ್ಚಿಹೋಗಿದೆ. ಹನ್ನೆರಡೇ ಇರುವಾಗ ಒಂದು ಗುಂಡಿ ಒತ್ತಬೇಕಾದರೆ ಉಪ್ಪಿನಕಾಯಿ ಬಡಿಸಿದ ಹಾಗೆ ಯೋಚಿಸಬೇಕು. ಜುಮ್ಮಾ ಮಸೀದಿಯ ಕಮಾನಿಗೆ ಎರಡು, ಬೆಟ್ಟಕ್ಕೆ ಒಂದು, ಉಳಿದದ್ದು ಜನಕ್ಕೆ. ಬೆಟ್ಟ ನಾಳೆಯೂ ಇರುತ್ತದೆ, ಕಡ್ಲೆಕಾಯಿ ಬಿಡಿಸುತ್ತ ಕೂತ ಪುಟ್ಟಮ್ಮ ನಾಳೆ ಇರುತ್ತಾಳೋ ಇಲ್ಲವೋ. ಪ್ರಿಂಟು ಬರಲು ತಿಂಗಳು ಹಿಡಿಯುತ್ತಿತ್ತು, ಏಕೆಂದರೆ ರೋಲು ಮುಗಿಯಬೇಕಲ್ಲ! ಈಗ ಮೊಬೈಲಿನಲ್ಲಿ ಒಂದೇ ಜಾತ್ರೆಗೆ ಮುನ್ನೂರು ತೆಗೆಯುವ ನನ್ನ ಮಗಳಿಗೆ ಈ ಕಾಯುವ ಸುಖ ಹೇಳಿದರೆ ನಗುತ್ತಾಳೆ. ನಗಲಿ. ಹಳೆ ಫೋಟೋಗಳ ಪ್ರತಿ ತೆಗೆಯಲು ನನಗೂ ಅದೇ ಮೊಬೈಲೇ ಬೇಕು.

ಪಾವಗಡದಲ್ಲಿದ್ದಾಗ ತೆಗೆದ ಒಂದು ರೋಲಿನ ಬೆಲೆ ನನಗೆ ತಿಳಿದದ್ದು ಬಹಳ ತಡವಾಗಿ. ತಿರುಮಣಿಯ ಕಡೆಯ ಹೊಲಗಳವು. ಮಳೆ ಕೈಕೊಟ್ಟ ವರ್ಷದ ಕಡ್ಲೆಕಾಯಿ, ಬದುವಿನ ಹೊಂಗೆ, ಬಾವಿಯ ಏತದ ಕಲ್ಲು. ಅಲ್ಲಿ ಈಗ ಸುಮಾರು 13,000 ಎಕರೆಯಲ್ಲಿ ಸೌರವಿದ್ಯುತ್ತಿನ ಹಲಗೆಗಳು. 2018ರಲ್ಲಿ ಉದ್ಘಾಟನೆಯಾದ ಈ ಪಾರ್ಕಿಗೆ ರೈತರು ಜಮೀನನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ಬರದ ನಾಡಿನವರಿಗೆ ವರ್ಷವರ್ಷ ಗುತ್ತಿಗೆ ಹಣ ಬಂದರೆ ಬೇಡವೆನ್ನಲು ನಾನು ಯಾರು? ಆದರೆ ಯಾರ ಬದು ಎಲ್ಲಿತ್ತು ಎಂದು ಮುಂದೆ ಮೊಮ್ಮಕ್ಕಳು ಕೇಳಿದರೆ ತೋರಿಸಲು ಕಾಗದವಿದೆ, ಚಿತ್ರವಿಲ್ಲ. ನನ್ನ ಬಳಿ ಹನ್ನೆರಡಿವೆ, ಅದರಲ್ಲೂ ಎರಡು ಬೆಳಕು ತಿಂದಿವೆ.

ಯಾರದೋ ಮನೆಯ ಹಿರಿಯರನ್ನು ನಾವು ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಒಮ್ಮೆ ಮಧುಗಿರಿಯಲ್ಲಿ ಸಿಕ್ಕ ಮೊಗ್ಗಿನ ಜಡೆಯ ಫೋಟೋದ ಹಿಂದೆ ಊರಿನ ಹೆಸರೂ ಮನೆತನದ ಹೆಸರೂ ಇತ್ತು. ಬಸ್ಸು ಹತ್ತಿ ಹೋಗಿ ವಿಚಾರಿಸಿದೆ. ಮನೆಯವರು ಮಜ್ಜಿಗೆ ಕೊಟ್ಟರು, ಫೋಟೋ ನೋಡಿದರು. ‘ನಮ್ಮ ದೊಡ್ಡತ್ತೆ ಇರಬೇಕು. ಹೊಸ ಮನೇಲಿ ಮೊಳೆ ಹೊಡೆಯಂಗಿಲ್ಲ, ತಗಂಡು ಏನ್ಮಾಡ್ಲಿ ಮೇಡಂ? ನಿಮ್ಮತ್ರಾನೇ ಇರ್ಲಿ’ ಎಂದರು ಯಜಮಾನರು. ನನಗೆ ಸಿಟ್ಟು ಬಂತು. ಅಷ್ಟರಲ್ಲಿ ಒಳಗಿನಿಂದ ಅವರ ಮುದಿ ತಾಯಿ ಬಂದು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು, ‘ಈ ಲಂಗ ನಂದು ಕಣೆ, ಅವತ್ತು ಅವಳಿಗೆ ಕೊಟ್ಟಿದ್ದೆ’ ಎಂದರು. ಅತ್ತೆಯ ಹೆಸರು, ಮೊದಲ ಹೆರಿಗೆಯಲ್ಲಿ ಹೋದದ್ದು, ಲಂಗದ ಬಣ್ಣ ಹಸಿರು ಎಂಬುದು, ಎಲ್ಲವನ್ನೂ ಹೇಳಿದರು. ಫೋಟೋವನ್ನು ಅವರ ಕೈಯಲ್ಲೇ ಬಿಟ್ಟು, ಮೊಬೈಲಿನಲ್ಲಿ ಪ್ರತಿ ತೆಗೆದುಕೊಂಡು, ಹೇಳಿದ್ದನ್ನೆಲ್ಲ ಬಸ್ಸಿನಲ್ಲೇ ಬರೆದುಕೊಂಡೆ.

ಆಮೇಲಿಂದ ಸಿಕ್ಕ ಪ್ರತಿ ಫೋಟೋದ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಊರು, ತಾರೀಕು ಬರೆಯುತ್ತೇನೆ. ಪೆನ್ನು ಬೇಡ, ಶಾಯಿ ಮುಂದಕ್ಕೆ ಇಳಿಯುತ್ತದೆ. ಹಿಂದೆ ಸ್ಟುಡಿಯೋದ ಮೊಹರಿಲ್ಲದಿದ್ದರೆ ಬಣ್ಣದ ಪರದೆಯನ್ನು ನೋಡುತ್ತೇನೆ. ಬಳುಕುವ ಮೆಟ್ಟಿಲು, ಪಕ್ಕದಲ್ಲಿ ಹಂಸದ ಕುತ್ತಿಗೆಯ ಹೂದಾನಿ ಬರೆದ ಒಂದು ಪರದೆ ಶಿರಾದಲ್ಲಿ ಸಿಕ್ಕ ಚಿತ್ರಗಳಲ್ಲೂ ಇದೆ, ಮಧುಗಿರಿಯಲ್ಲಿ ಸಿಕ್ಕವುಗಳಲ್ಲೂ ಇದೆ. ಜನ ಅಲ್ಲಿಗೆ ಹೋದರೋ, ಪರದೆಯೇ ಸುರುಳಿ ಸುತ್ತಿಕೊಂಡು ಜಾತ್ರೆ ಜಾತ್ರೆಗೆ ತಿರುಗಿತೋ? ಮೊದಲ ಚಿತ್ರದಲ್ಲಿ ಮೆಟ್ಟಿಲ ಮೂಲೆ ಸರಿಯಾಗಿದೆ, ನಾಲ್ಕನೆಯದರಲ್ಲಿ ಹರಿದಿದೆ, ಆರನೆಯದರಲ್ಲಿ ತೇಪೆ ಹಾಕಿದ್ದಾರೆ. ಹೀಗೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಜೋಡಿಸಿದ್ದೇನೆ. ಇದುವರೆಗೆ ಏಳು ಆಗಿವೆ. ಪಾವಗಡದ ಅಂಗಡಿಯವರಿಗೂ ಮೆಟ್ಟಿಲು ಕಂಡರೆ ಎತ್ತಿಡಿ ಎಂದು ಹೇಳಿಬಂದಿದ್ದೇನೆ.